ಪೇಟಿ ತುಳಿಯುವ ಕಾಲು

ನಾಟಕದ ಕರಪತ್ರದಲ್ಲಿ ಎಲ್ಲರ ಹೆಸರೂ ಇರುತ್ತಿತ್ತು. ರಾಜನಾಗುವ ಅಡಿಕೆ ವ್ಯಾಪಾರಿ, ಮಂತ್ರಿಯಾಗುವ ಸೊಸೈಟಿ ಸೆಕ್ರೆಟರಿ, ಪರದೆ ಕೊಟ್ಟವರು, ಪೆಂಡಾಲು ಹಾಕಿದವರು, ನಟರಿಗೆ ಮಂಡಕ್ಕಿ ಮೆಣಸಿನಕಾಯಿ ಸೇವೆ ಮಾಡಿದವರು, ಕಡೆಗೆ ಆ ಕರಪತ್ರ ಹಂಚಿದವರ ಹೆಸರು ಕೂಡ. ಪೇಟಿ, ಎಂದರೆ ಹಾರ್ಮೋನಿಯಂ, ಅಂತ ಬರೆದ ಕಡೆ ಮಾತ್ರ ‘ಜಗಳೂರು ಕಡೆಯವರು’ ಎಂದಷ್ಟೇ ಅಚ್ಚಾಗುತ್ತಿತ್ತು. ಓದಿದವರಿಗೆ ಜಗಳೂರು ಕಡೆಯಿಂದ ಒಂದು ದಂಡೇ ಬಂದು ಪೇಟಿ ಬಾರಿಸಿ ಹೋಗುತ್ತದೆ ಅನ್ನಿಸಬೇಕು. ಬರುತ್ತಿದ್ದವನು ಒಬ್ಬನೇ, ಸೊಕ್ಕೆ ಊರಿನ ಮಾದಿಗರ ಕೇರಿಯ ಮಾರಪ್ಪ.

ನಾಟಕ ಬರೆದವನು ಅವನು. ಹಾಡು ಕಟ್ಟಿದವನು ಅವನು. ಮಟ್ಟು ಹಾಕಿದವನು ಅವನು. ಯಾರ ಗಂಟಲಿಗೆ ಯಾವ ಹಾಡು ಅಂತ ತೂಗಿ ನೋಡಿ ಹಂಚಿದವನು, ಯಾರು ಯಾವ ಕಡೆಯಿಂದ ಬರಬೇಕು, ಪರದೆ ಯಾವಾಗ ಬೀಳಬೇಕು ಅಂತ ಹೇಳಿದವನು ಎಲ್ಲ ಅವನೇ. ಪಟ್ಟಣದಲ್ಲಿ ಇಂಥವನಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳಲ್ಲಿ ಅವನಿಗಿದ್ದದ್ದು ಎರಡೇ. ಹಾಡು ಗಂಟಲಲ್ಲಿ ಸಿಕ್ಕಿಕೊಂಡಾಗ ‘ಮೇಷ್ಟ್ರೇ’ ಅನ್ನುತ್ತಿದ್ದರು. ಹಾಡು ಬಾಯಿಗೆ ಬಂದ ಮೇಲೆ ‘ಲೇ ಮಾರ’ ಅನ್ನುತ್ತಿದ್ದರು.

ಅವನು ಪೇಟಿಗೆ ಬಂದದ್ದು ಚರ್ಮದ ದಾರಿಯಿಂದ. ಅವನಿನ್ನೂ ಹರೆಯದಲ್ಲಿದ್ದಾಗ ಜಗಳೂರಿಗೆ ಒಂದು ನಾಟಕ ಕಂಪನಿ ಬಂದು ಬಿಡಾರ ಹೂಡಿತ್ತು. ಅವರದು ಕಾಲುಪೇಟಿ. ನೆಲದ ಮೇಲಿಟ್ಟು ಕೈಯಲ್ಲಿ ಗಾಳಿ ಹಾಕುವ ಚಿಕ್ಕ ಪೆಟ್ಟಿಗೆಯಲ್ಲ. ಮೇಜಿನಷ್ಟು ಎತ್ತರ, ಕೂತವನು ಎರಡೂ ಕಾಲಲ್ಲಿ ಕೆಳಗಿನ ಹಲಗೆಗಳನ್ನು ಹೊಲಿಗೆ ಮಿಷನ್ನಿನಂತೆ ತುಳಿಯುತ್ತಲೇ ಇರಬೇಕು. ತುಳಿದರೆ ಒಳಗಿನ ಚರ್ಮದ ತಿದಿ ಉಬ್ಬಿ ಸ್ವರ ಬರುತ್ತದೆ, ಕಾಲು ನಿಂತರೆ ಸ್ವರ ಸಾಯುತ್ತದೆ. ಆ ತಿದಿಯನ್ನು ಇಲಿ ಕಡಿದು ಹಾಕಿತ್ತು. ತೇಪೆ ಹಾಕಲು ಮಾರಪ್ಪನ ಅಪ್ಪನನ್ನು ಕರೆಸಿದರು. ಅಪ್ಪ ಹೊಲಿದು ಮುಗಿಸಿ, ಗಾಳಿ ಸೋರುತ್ತದೆಯೇ ನೋಡು ಅಂತ ಮಗನನ್ನು ಕೂರಿಸಿದ. ಮಗ ತುಳಿದ. ಗಾಳಿ ಸೋರಲಿಲ್ಲ. ಮಗ ಏಳಲೂ ಇಲ್ಲ. ಕಂಪನಿ ಬಿಡಾರ ಕಿತ್ತಾಗ ಗುಂಡಿ ತೋಡಲು, ಗೂಟ ಹೊಡೆಯಲು, ತಗಡು ಹೊರಲು ಅಂತ ಅವನೂ ಜೊತೆಗೆ ಹೋದ. ಕೆಲವು ವರ್ಷ ಊರೂರು ತಿರುಗಿದ, ಪೇಟಿಯವನ ಪಕ್ಕ ಕೂತು ಬೆರಳಾಡಿಸುವುದನ್ನೂ ಕಲಿತ. ಕಂಪನಿ ಮುಳುಗಿದ ಮೇಲೆ ಭುಜದ ತುಂಬ ಕಾಯಿ ಕಟ್ಟಿದ ಗಾಯ, ಗಂಟಲ ತುಂಬ ಮಟ್ಟು ಹೊತ್ತುಕೊಂಡು ಸೊಕ್ಕೆಗೆ ವಾಪಸಾದ.

ಊರ ನಾಟಕದ ತಾಲೀಮು ಸುಗ್ಗಿ ಮುಗಿದ ಮೇಲೆ ಶುರುವಾಗುತ್ತಿತ್ತು. ನಟರು ಅಡಿಕೆ ಮಂಡಿಯ ಜಗಲಿಯ ಮೇಲೆ ನಿಲ್ಲುತ್ತಿದ್ದರು, ಪೇಟಿಯನ್ನು ಅಂಗಳದಲ್ಲಿಡುತ್ತಿದ್ದರು. ಗುರು ಕೆಳಗೆ, ಶಿಷ್ಯರು ಮೇಲೆ. ಮಾರಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕತ್ತೆತ್ತಿ ಹಾಡು ಹೇಳಿಕೊಡಬೇಕು. ಚಹಾ ಅವನ ಲೋಟಕ್ಕೆ ಎತ್ತರದಿಂದ ಬೀಳುತ್ತಿತ್ತು. ಆ ಲೋಟ ಸೂರಿನ ಸಂದಿಯಲ್ಲಿ ಅವನಿಗೆಂದೇ ಸಿಕ್ಕಿಸಿದ್ದು, ತೊಳೆದು ಸಿಕ್ಕಿಸುವವನೂ ಅವನೇ. ಮಲಗುವುದು ಕೊಟ್ಟಿಗೆಯಲ್ಲಿ, ಎತ್ತಿನ ಮಗ್ಗುಲಿಗೆ.

ಹಾಗಂತ ಮಾರಪ್ಪ ಮೆತ್ತಗಿನ ಮನುಷ್ಯನೇನಲ್ಲ. ತಲೆಗೆ ಘಮಘಮ ಎಣ್ಣೆ, ಬಾಯಲ್ಲಿ ಸದಾ ಎಲೆಅಡಿಕೆ, ಮೈಮೇಲೆ ಜಗಳೂರು ಸಂತೆಯಲ್ಲಿ ಕೊಂಡ ಯಾರೋ ಹಾಕಿ ಬಿಟ್ಟ ಕರಿಕೋಟು. ತನ್ನಂಥ ಪೇಟಿಯವನು ನಾಲ್ಕು ತಾಲ್ಲೂಕಿನಲ್ಲಿಲ್ಲ ಅಂತ ತಾನೇ ಹೇಳಿಕೊಂಡು ತಿರುಗುತ್ತಿದ್ದ. ಸ್ವರ ತಪ್ಪಿದವನು ಗೌಡನ ಮಗನಾದರೂ ಬಿಡುತ್ತಿರಲಿಲ್ಲ. “ಗೌಡ್ರೇ, ನೀವು ಹಾಡಾಕೆ ಹತ್ತೀರೋ, ಕೋಣ ಕೆರಿಗೆ ಇಳಿಸಾಕೆ ಹತ್ತೀರೋ?” ಅನ್ನುತ್ತಿದ್ದ. ಜಗಲಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನ ಬಾಯಿಂದ ಬೈಸಿಕೊಂಡರೆ ಮೈಲಿಗೆ ಆಗುತ್ತಿರಲಿಲ್ಲ.

ಇಷ್ಟನ್ನೆಲ್ಲ ಅವನು ಯಾಕೆ ನುಂಗಿಕೊಂಡ ಅಂತ ಅವನ ಹೆಂಡತಿ ಹೊನ್ನೂರಮ್ಮ ಪ್ರತಿ ವರ್ಷ ಕೇಳುತ್ತಿದ್ದಳು. ಅವಳದು ಶೇಂಗಾ ಕೀಳುವ ಕೂಲಿ. ರಾತ್ರಿಯಿಡೀ ಪೇಟಿ ತುಳಿದು ಬಂದ ಗಂಡನ ಮೀನಖಂಡಗಳು ಕಲ್ಲಿನಂತೆ ಗಂಟು ಕಟ್ಟಿರುತ್ತಿದ್ದವು. ಹರಳೆಣ್ಣೆ ಹಚ್ಚಿ ತಿಕ್ಕುತ್ತಲೇ ಬೈಯುತ್ತಿದ್ದಳು. “ನೀನ್ ಕಟ್ಟಿದ ಹಾಡು ನಮ್ಮ ಕೇರ್ಯಾಗೆ ಹಾಡಿದ್ರೆ ಸಾಲ್ದೇನು? ಅವ್ರ ಬಾಯಿಗೇ ಯಾಕೆ ಕೊಂಡೊಯ್ದು ಇಡ್ತೀ?” ಅವನು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ನಿಜ ಏನೆಂದರೆ ಅವನಿಗೆ ತನ್ನ ಹಾಡು ಮೈಕಿನಲ್ಲಿ ಬೇಕಿತ್ತು. ಜರತಾರಿ ಪೋಷಾಕಿನಲ್ಲಿ ಬೇಕಿತ್ತು. ಜನ ‘ಒನ್ಸ್ ಮೋರ್’ ಅಂತ ಕೂಗಬೇಕಿತ್ತು. ಪೋಷಾಕು, ಪರದೆ, ಮೈಕು ಎಲ್ಲ ಅಡಿಕೆ ಇದ್ದವರ ಹತ್ತಿರ ಇದ್ದವು. ಅವನ ಹತ್ತಿರ ಇದ್ದದ್ದು ಹಾಡು.

ಎಪ್ಪತ್ತೆರಡರಲ್ಲಿ ಅವನ ಕೈಗೆ ಓಂಕಾರಪ್ಪ ಸಿಕ್ಕ. ನ್ಯಾಮತಿ ಹತ್ತಿರದ ಒಂದು ಊರಿನವನು. ಊರಿನ ಹೆಸರು ಬೇಡ. ಹೇಳಿದರೆ ಉಳಿದ ಊರಿನವರೆಲ್ಲ ಸದ್ಯ ನಮ್ಮದಲ್ಲವಲ್ಲ ಅಂತ ನೆಮ್ಮದಿಯಾಗಿ ಮಲಗಿಬಿಡುತ್ತಾರೆ. ಅಪ್ಪನ ಕಾಲದಿಂದ ಅಡಿಕೆ ವ್ಯಾಪಾರ. ಒಳ್ಳೆಯ ಎತ್ತರ, ಒಳ್ಳೆಯ ಮೀಸೆ. ಗಂಟಲೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗಂಟಲು ಕೊಟ್ಟ ದೇವರು ತಾಳ ಕೊಡುವುದನ್ನು ಮಾತ್ರ ಮರೆತಿದ್ದ. ಹಾಡನ್ನು ಎಲ್ಲಿ ಎತ್ತಬೇಕೋ ಅಲ್ಲಿ ಎತ್ತುತ್ತಿರಲಿಲ್ಲ. ಮಾರಪ್ಪ ಕೈ ಬೀಸಿದ, ಕಣ್ಸನ್ನೆ ಮಾಡಿದ, ತಲೆ ಕುಣಿಸಿದ, ಏನೂ ನಾಟಲಿಲ್ಲ. ಒಂದು ದಿನ ರೇಗಿಹೋಗಿ ಎಡಗಾಲಿನಿಂದ ಪೇಟಿಯ ಹಲಗೆಯನ್ನು ಟಕ್ ಎಂದು ಒದ್ದ. ಓಂಕಾರಪ್ಪ ಸರಿಯಾಗಿ ಅಲ್ಲಿಗೇ ಹಾಡು ಎತ್ತಿದ.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಪ್ರತಿ ನುಡಿಗೂ ಮುಂಚೆ ಎಡಗಾಲಿನ ಟಕ್, ಅದರ ಹಿಂದೆಯೇ ಓಂಕಾರಪ್ಪನ ದನಿ. ಹಳೇ ಪೇಟಿ, ಸದ್ದು ಮಾಡುತ್ತದೆ ಅಂತ ಜನ ತಿಳಿದುಕೊಂಡಿದ್ದರು. ರಂಗದ ಮೇಲೆ ಓಂಕಾರಪ್ಪನ ಕಣ್ಣು ಜನರ ಮೇಲಿರುತ್ತಿತ್ತು, ಕಿವಿ ಮಾತ್ರ ಮಾರಪ್ಪನ ಕಾಲಿನ ಮೇಲೆ ಇರುತ್ತಿತ್ತು.

ಮಾರಪ್ಪ ಅವನಿಗಾಗಿ ‘ಚಂಡವರ್ಮನ ಗರ್ವಭಂಗ’ ಅಂತ ನಾಟಕ ಬರೆದ. ಚಂಡವರ್ಮ ಸೊಕ್ಕಿನ ರಾಜ. ದನ ಕಾಯುವ ಮುದಿಗುರುವೊಬ್ಬನನ್ನು ಒದ್ದು ಓಡಿಸುತ್ತಾನೆ. ರಾಜ್ಯ ಕಳೆದುಕೊಂಡ ಮೇಲೆ ಬುದ್ಧಿ ಬಂದು ಅದೇ ಗುರುವಿನ ಕಾಲಿಗೆ ಬೀಳುತ್ತಾನೆ. ಆಗ ಒಂದು ಹಾಡು:

ಕಿರೀಟ ಇಳಿಸಿ ಬಂದೆ ಗುರುವೆ, ಕತ್ತು ಹಗುರಾಯಿತು
ಕಾಲಿಗೆ ಬಿದ್ದ ಮೇಲೇನೆ ನನಗೆ ನೆಲವು ಕಂಡಿತು

ಈ ಹಾಡಿಗೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡಸರು ನೋಟಿನ ಹಾರ ತಂದು ಹಾಕುತ್ತಿದ್ದರು. ಓಂಕಾರಪ್ಪ ನಿಜವಾಗಿಯೂ ಅಳುತ್ತಾ ಗುರುವಿನ ಕಾಲಿಗೆ ಬೀಳುತ್ತಿದ್ದ. ಗುರುವಿನ ಪಾತ್ರ ಮಾಡುತ್ತಿದ್ದವನು ಅವನ ಸ್ವಂತ ಭಾವಮೈದುನ, ಆದ್ದರಿಂದ ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಬಂದದ್ದು ರಂಗದ ಕೆಳಗೆ. ಹಳ್ಳಿ ನಾಟಕಕ್ಕೆ ಒಂದು ಕಟ್ಟಳೆ ಇದೆ. ಪರದೆ ಏಳುವ ಮುಂಚೆ ಬಣ್ಣ ಹಚ್ಚಿದ ನಟರೆಲ್ಲ ಸಾಲಾಗಿ ಬಂದು ಪೇಟಿಗೆ ಪೂಜೆ ಮಾಡಿ, ಕಲಿಸಿದ ಮೇಷ್ಟ್ರ ಕಾಲು ಮುಟ್ಟಿ ರಂಗ ಹತ್ತಬೇಕು. ಮುಟ್ಟದೆ ಹತ್ತಿದವನಿಗೆ ಮಾತು ಮರೆತುಹೋಗುತ್ತದೆ ಅಂತ ನಂಬಿಕೆ. ಮೊದಲ ವರ್ಷ ಪೂಜೆಯ ಹೊತ್ತಿಗೆ ರಾಜ, ಮಂತ್ರಿ, ಸೇನಾಪತಿಗಳೆಲ್ಲ ಸಾಲು ನಿಂತವರು ನಿಂತೇ ಇದ್ದರು. ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ಮರೆವು. ದಾವಣಗೆರೆಯಿಂದ ರಾಣಿಯ ಪಾತ್ರಕ್ಕೆ ಬಂದಿದ್ದ ಶಾಂತಾದೇವಿ ಒಬ್ಬಳೇ ಸಾಲು ಬಿಟ್ಟು ಮುಂದೆ ಬಂದು, “ಮೇಷ್ಟ್ರೇ, ಆಶೀರ್ವಾದ ಮಾಡ್ರಿ” ಅಂತ ಮಾರಪ್ಪನ ಪಾದ ಹಿಡಿದು ರಂಗ ಹತ್ತಿಬಿಟ್ಟಳು. ಅವಳು ನಾಟಕದವಳು, ಅವಳದು ಲೆಕ್ಕಕ್ಕಿಲ್ಲ ಅಂದರು.

ಆಗ ನಾಟಕ ಸಂಘದ ಅಧ್ಯಕ್ಷ ಷಣ್ಮುಖಪ್ಪನ ತಲೆಗೆ ಒಂದು ಉಪಾಯ ಹೊಳೆಯಿತು. ಊರ ಹಿರಿಯ ಕೊಟ್ರಬಸಪ್ಪಜ್ಜನನ್ನು ಕರೆತಂದು ಪೇಟಿಯ ಮುಂದೆ ಮಾರಪ್ಪನ ಜಾಗದಲ್ಲಿ ಕೂರಿಸಿದರು. ಅಜ್ಜನಿಗೆ ಸರಿಗಮ ಅಂದರೆ ಯಾವ ಊರಿನ ಹೆಸರು ಅಂತ ಗೊತ್ತಿರಲಿಲ್ಲ, ಕಿವಿಯೂ ಅಷ್ಟಕ್ಕಷ್ಟೇ. ನಟರು ಪೇಟಿಯ ಮೇಲೆ ನೀರು ಚಿಮುಕಿಸಿ ಶುದ್ಧ ಮಾಡಿದರು. ಮಾರಪ್ಪನ ಅಪ್ಪ ಹೊಲಿದಂಥ ಚರ್ಮವೇ ಅದರ ಹೊಟ್ಟೆಯಲ್ಲೂ ಇದೆ ಅನ್ನುವುದನ್ನು ಯಾರೂ ನೆನೆಸಿಕೊಳ್ಳಲಿಲ್ಲ. ಕುಂಕುಮ ಹಚ್ಚಿದರು, ಅಜ್ಜನ ಕಾಲು ಮುಟ್ಟಿದರು. ಅಜ್ಜ ಹೂವು, ಹಣ್ಣು, ಶಲ್ಯ ಎತ್ತಿಕೊಂಡು ಮನೆಗೆ ಹೋದ. ಆಮೇಲೆ ಮಾರಪ್ಪ ಬಂದು ಕೂತು ಬೆಳಗಾಗುವ ತನಕ ತುಳಿದ. ಮರುವರ್ಷದಿಂದ ಕರಪತ್ರದಲ್ಲಿ ‘ಗುರುಸ್ಥಾನ: ಶ್ರೀ ಕೊಟ್ರಬಸಪ್ಪನವರು’ ಎಂದು ಅಚ್ಚಾಯಿತು.

ಮಾರಪ್ಪ ಒಂದು ಸಲ ಅಜ್ಜನನ್ನೇ ಕೇಳಿದ್ದ. “ನಂಗೇನ್ ಗೊತ್ತಪಾ,” ಅಂದಿದ್ದ ಅಜ್ಜ, “ಕಾಲು ಚಾಚು ಅಂದ್ರು, ಚಾಚ್ದೆ.”

ವರ್ಷಗಳು ಹೋದವು. ಓಂಕಾರಪ್ಪನ ಹೆಸರು ಹೊನ್ನಾಳಿ ದಾಟಿತು, ಚನ್ನಗಿರಿ ದಾಟಿತು. ಬಸವಾಪಟ್ಟಣದಲ್ಲಿ ಅವನ ನಾಟಕ ಅಂದರೆ ಬಸ್ಸಿನ ಟಾಪಿನ ಮೇಲೆ ಕೂತು ಜನ ಬರುತ್ತಿದ್ದರು. ಒಂದು ಪತ್ರಿಕೆಯವರು ಬಂದು, ಇಷ್ಟು ಒಳ್ಳೆಯ ಹಾಡುಗಳು ಎಲ್ಲಿಂದ ಬರುತ್ತವೆ ಅಂತ ಕೇಳಿದರು. ಕನಸಿನಲ್ಲಿ ಬರುತ್ತವೆ ಅಂದ ಓಂಕಾರಪ್ಪ. ಅದನ್ನು ಯಾರೋ ಸೊಕ್ಕೆಯಲ್ಲಿ ಓದಿ ಹೇಳಿದಾಗ ಮಾರಪ್ಪ ಎಲೆಅಡಿಕೆ ಉಗುಳಿ ಬಂದು, “ಹೌದಪ್ಪ, ಆ ಕನಸು ಜಗಳೂರಿನಾಗೆ ಬಸ್ ಹತ್ತಿ, ದಾವಣಗೆರೆನಾಗೆ ಇಳಿದು, ಇನ್ನೊಂದು ಬಸ್ ಹಿಡಿದು ನಿಂತ್ಕಂಡೇ ಹೋಗ್ತೈತೆ,” ಅಂದ. ಕೇರಿಯವರು ನಕ್ಕರು. ಅವನೂ ನಕ್ಕ.

ಎಂಬತ್ತನಾಲ್ಕರಲ್ಲಿ ಕ್ಯಾಸೆಟ್ ಬಂದಾಗ ನಗು ಬರಲಿಲ್ಲ. ಕವರಿನ ಮೇಲೆ ಓಂಕಾರಪ್ಪ ಕಿರೀಟ ಹಾಕಿಕೊಂಡು ನಿಂತಿದ್ದ. ಕೆಳಗೆ ಸಾಹಿತ್ಯ, ಸಂಗೀತ ಅಂತ ಬರೆದ ಕಡೆ ‘ಸಾಂಪ್ರದಾಯಿಕ’ ಎಂದಿತ್ತು. ಜಗಳೂರು ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯವನನ್ನು ಹಾಗಂದರೇನು ಅಂತ ಕೇಳಿದ.

“ಬರೆದೋರು ಯಾರು ಅಂತ ಗೊತ್ತಿಲ್ಲ ಅಂತ ಅರ್ಥ ಕಣಪ್ಪ. ಹಳೇ ಕಾಲದೋರು. ಸತ್ತೋಗಿರ್ತಾರೆ.”

ಮಾರಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ತನ್ನ ಹಾಡನ್ನು ತಾನೇ ಕೇಳಿದ. ಅದರಲ್ಲಿ ಅವನ ಎಡಗಾಲಿನ ಟಕ್ ಕೂಡ ಚೆನ್ನಾಗಿ ಕೇಳಿಸುತ್ತಿತ್ತು. ಸತ್ತವನ ಕಾಲು. ಮರುವರ್ಷ ತಾಲೀಮಿಗೆ ಕರೆ ಬಂದಾಗ ಹೋಗಲಿಲ್ಲ. ಅದರ ಮರುವರ್ಷವೂ ಹೋಗಲಿಲ್ಲ. ಹೆಂಡತಿಯ ಜೊತೆ ಶೇಂಗಾ ಕೀಳಲು ಹೋದ.

ಓಂಕಾರಪ್ಪ ಬೇರೆ ಪೇಟಿಯವರನ್ನು ತರಿಸಿ ನೋಡಿದ. ಒಬ್ಬರಿಗಿಂತ ಒಬ್ಬರು ಓದಿದವರು, ರಾಗ ತಿಳಿದವರು. ಅವರ ಬೆರಳು ಚೆನ್ನಾಗಿ ಓಡುತ್ತಿತ್ತು, ಎಡಗಾಲು ಮಾತ್ರ ಸುಮ್ಮನಿರುತ್ತಿತ್ತು. ಓಂಕಾರಪ್ಪ ಹಾಡು ಎತ್ತಲಾಗದೆ ರಂಗದ ಮೇಲೆ ಮೀಸೆ ತಿರುವುತ್ತಾ ನಿಲ್ಲುತ್ತಿದ್ದ. ರಾಜ ಯೋಚನೆ ಮಾಡುತ್ತಿದ್ದಾನೆ ಅಂತ ಜನ ಎರಡು ಸಲ ಸುಮ್ಮನಾದರು, ಮೂರನೇ ಸಲ ಸೀಟಿ ಹೊಡೆದರು.

ಅಷ್ಟರಲ್ಲಿ ಮಂತ್ರಿಯೊಬ್ಬರ ಕೈಯಿಂದ ಅವನಿಗೆ ‘ರಂಗಕೋಗಿಲೆ’ ಅನ್ನುವ ಬಿರುದು ಕೊಡಿಸುವುದು ನಿಶ್ಚಯವಾಯಿತು. ಬಿರುದಿನ ಹಿಂದೆಯೇ ನಾಟಕ ಆಗಬೇಕು. ಓಂಕಾರಪ್ಪ ಮೋಟಾರ್ ಸೈಕಲ್ ಹತ್ತಿ ಸೊಕ್ಕೆಗೇ ಬಂದ. ಕೇರಿಯ ಬಾಯಲ್ಲೇ ಗಾಡಿ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಗಾಡಿಯ ಮೇಲೆಯೇ ಕೂತು ಮಾತಾಡಿದ.

“ಮಾರಪ್ಪ, ಆಗಿದ್ದು ಆಗೋತು. ಈ ಸಲ ಬಾ.”

“ಶೇಂಗಾ ಕೀಳಾದೈತ್ರಿ,” ಅಂದ ಮಾರಪ್ಪ.

“ಏನ್ ಬೇಕು ಕೇಳು.”

ಮಾರಪ್ಪ ತನ್ನ ಕಾಲು ನೋಡಿಕೊಂಡ. “ಕಲಿಸಿದೋನಿಗೆ ಏನ್ ಸಲ್ಲಬೇಕೋ ಅದು ಸಲ್ಲಲಿ. ಎಲ್ರ ಎದುರಿಗೆ.”

ಓಂಕಾರಪ್ಪನಿಗೆ ತಿಳಿಯಿತು. ಹಿಂದೆ ಮುಂದೆ ನೋಡಿದ. ಗುಡಿಸಲ ಬಾಗಿಲಲ್ಲಿ ಹೊನ್ನೂರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಆತು ಕಣೋ. ಎಲ್ರ ಎದುರಿಗೇ ನಿನ್ ಕಾಲು ಮುಟ್ಟಿ ರಂಗ ಹತ್ತತೀನಿ. ನಮ್ಮಪ್ಪನ ಆಣೆ.”

ಗಾಡಿ ಹೋದ ಮೇಲೆ ಹೊನ್ನೂರಮ್ಮ ಗಂಡನ ಕಾಲನ್ನು ಒಮ್ಮೆ ನೋಡಿದಳು. ಹಿಮ್ಮಡಿಯ ಬಿರುಕು, ಮುಳ್ಳು ಮುರಿದು ಕಪ್ಪಾದ ಬೆರಳು. “ಮುಟ್ಟೋವಂಥಾ ಕಾಲೇನಲ್ಲ ಬಿಡು. ಬಿರುಕಿನಾಗೆ ಜೋಳ ಬಿತ್ತಬೌದು,” ಅಂದಳು. ಆಮೇಲೆ, “ನಾನೂ ಬರ್ತೀನಿ. ಅದನ್ನೊಂದು ಕಣ್ಣಾರ ನೋಡ್ಬೇಕು,” ಅಂದಳು. ನಾಟಕದ ದಿನ ಹೊರಡುವ ಮುಂಚೆ ಕಲ್ಲಿನ ಮೇಲೆ ಹಿಮ್ಮಡಿ ತಿಕ್ಕಿಸಿ, ಎಣ್ಣೆ ಹಚ್ಚಿಸಿ, ಹೊಸ ಚಪ್ಪಲಿ ಮೆಟ್ಟಿಸಿದಳು. ಮಾರಪ್ಪ ಮದುವಣಿಗನಂತೆ ನಾಚಿಕೊಂಡ.

ಊರು ತಲುಪಿದಾಗ ಪೆಂಡಾಲು ತಯಾರಾಗಿತ್ತು. ಮುಂದೆ ಮಂತ್ರಿಗೆ ಸೋಫಾ, ಹಿಂದೆ ಊರವರಿಗೆ ಜಮಖಾನ. ಜಮಖಾನ ಮುಗಿದಲ್ಲಿ ಒಂದು ಹಗ್ಗ, ಹಗ್ಗದಾಚೆ ಬರಿ ನೆಲ. ಅದು ಕೇರಿಯವರ ಜಾಗ, ಹೊನ್ನೂರಮ್ಮ ಅಲ್ಲಿ ಕೂತಳು. ಅವಳ ಮಗ್ಗುಲಲ್ಲೇ ಜನರೇಟರು, ಮೈಕ್ ಸೆಟ್ಟು ನೋಡಿಕೊಳ್ಳುವ ಮೂಕಪ್ಪ ಇದ್ದ, ಅದೇ ಊರಿನ ಕೇರಿಯವನು. “ಲೈಟು ಜನರೇಟರಿಗೆ, ಮೈಕು ಬ್ಯಾಟರಿಗೆ ಕಣಕ್ಕ. ಲೈಟು ಹೋದ್ರೂ ಮೈಕು ಹೋಗಲ್ಲ,” ಅಂತ ತನ್ನ ಕಸುಬನ್ನು ಅವಳಿಗೆ ತೋರಿಸಿ ಹೇಳಿದ.

ಮಂತ್ರಿ ಶಾಲು ಹೊದಿಸಿ, ಬಿರುದು ಕೊಟ್ಟು, ಕನಸಿನಲ್ಲಿ ಹಾಡು ಬರುವುದು ಪೂರ್ವಜನ್ಮದ ಪುಣ್ಯ ಅಂತ ಭಾಷಣ ಮಾಡಿ ಸೋಫಾಕ್ಕೆ ಮರಳಿದರು. ಷಣ್ಮುಖಪ್ಪ ಮೈಕಿನಲ್ಲಿ, “ಈಗ ಗುರುವಂದನೆ,” ಅಂದ. ಬಣ್ಣ ಹಚ್ಚಿದ ನಟರು ಕೆಳಗಿಳಿದು ಸಾಲು ನಿಂತರು. ಮೊದಲಿಗೆ ಕಿರೀಟ, ಕತ್ತಿ, ಜರತಾರಿ ಅಂಗಿಯ ಓಂಕಾರಪ್ಪ. ಮಾರಪ್ಪ ಚಪ್ಪಲಿ ಬಿಟ್ಟು ಪೇಟಿಯ ಪಕ್ಕಕ್ಕೆ ಬಂದ. ಹಗ್ಗದಾಚೆ ಹೊನ್ನೂರಮ್ಮ ಎದ್ದು ನಿಂತಳು.

ಇಬ್ಬರು ಹಿಡಿದುಕೊಂಡು ಕೊಟ್ರಬಸಪ್ಪಜ್ಜನನ್ನು ಕರೆತಂದರು. ಪೇಟಿಯ ಮುಂದೆ ಕೂರಿಸಿದರು. ಅಜ್ಜ ಅಭ್ಯಾಸದಂತೆ ಕಾಲು ಚಾಚಿದ. ಓಂಕಾರಪ್ಪ ಮಾರಪ್ಪನ ಕಡೆ ನೋಡಲಿಲ್ಲ. ಬಗ್ಗಿದ, ಅಜ್ಜನ ಕಾಲು ಮುಟ್ಟಿದ, ಕಣ್ಣಿಗೊತ್ತಿಕೊಂಡ. ಹಿಂದೆಯೇ ಮಂತ್ರಿಯ ಪಾತ್ರದವನು, ಸೇನಾಪತಿ, ಭಾವಮೈದುನ. ಮಾರಪ್ಪನ ಎಣ್ಣೆ ಹಚ್ಚಿದ ಕಾಲು ಮಣ್ಣಿನ ಮೇಲೆ ಹಾಗೇ ಇದ್ದವು. ನಾಚಿಕೆಗೆ ಅವನ ಕಿವಿ ಕಾದವು. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಅಜ್ಜ ಹಣ್ಣು, ಶಲ್ಯ ಒಟ್ಟು ಮಾಡಿಕೊಂಡು ಏಳಲು ಹೊರಟ. ಮಾರಪ್ಪ ಅವನ ಮುಂದೆ ಬಂದು ನಿಂತ.

“ಅಜ್ಜಾರೇ, ಏಳಬ್ಯಾಡ್ರಿ. ಕೂತ್ಕಳ್ರಿ.”

“ಯಾಕೋ?” ಅಂದ ಷಣ್ಮುಖಪ್ಪ.

“ಪೂಜೆ ಆಗಿದ್ದು ಈ ಕಾಲಿಗಲ್ಲೇನ್ರಿ? ಪೂಜೆ ಆದ ಕಾಲೇ ಪೇಟಿ ತುಳೀಲಿ.”

ಹಾಗೆಂದು ಮಾರಪ್ಪ ಕೈಕಟ್ಟಿ ನಿಂತ.

ಷಣ್ಮುಖಪ್ಪ ಹಲ್ಲು ಕಚ್ಚಿ ನಗುತ್ತಾ ಹತ್ತಿರ ಬಂದ. “ಲೇ ಮಾರ, ಮಂತ್ರಿಗಳು ಕೂತಾರೆ. ಆಮೇಲೆ ಮಾತಾಡಾನ.”

“ಹದಿನಾಕು ವರ್ಷದಿಂದ ಆಮೇಲೆ ಅಂತಾನೇ ಇದೀರಿ.”

“ನಾಳೆ ಸೊಕ್ಕೆಗೆ ಹೆಂಗೆ ಹೋಗ್ತೀಯ ನೋಡ್ತೀನಿ.”

“ನಡ್ಕಂಡು ಹೋಗ್ತೀನ್ರಿ. ಕಾಲು ಅದಾವೆ.”

ಅಜ್ಜ ಕೆಳಗಿನ ಹಲಗೆಗಳನ್ನು ನೋಡಿ ಗಾಬರಿಯಾದ. “ಇದೆಲ್ಲ ಆಗಾಕಿಲ್ಲಪ್ಪೋ, ನಂಗೆ ಮಂಡಿನೋವು,” ಅಂದ. ಸಂಘದ ಹಿರಿಯರು ಪೇಟಿಯ ಸುತ್ತ ತಲೆ ಸೇರಿಸಿದರು. ನಾಡಿನ ಬುದ್ಧಿಯೆಲ್ಲ ಅಲ್ಲಿ ಕೂಡಿತು. ಪರದೆಯ ಹಿಂದೆ ಹೋಗಿ ಮುಟ್ಟಿದರಾಗದೇ ಅಂದ ಒಬ್ಬ. ಕಾಲಿನ ಮೇಲೆ ಶಲ್ಯ ಹೊದಿಸಿ, ಶಲ್ಯ ಮುಟ್ಟಿದರಾಯಿತು ಅಂದ ಇನ್ನೊಬ್ಬ. ಸೇನಾಪತಿಯ ಪೋಷಾಕಿನ ಜೊತೆ ಕೈಗವಸು ಇವೆಯಲ್ಲ, ರಾಜ ಅವನ್ನೇ ಹಾಕಿಕೊಂಡು ಮುಟ್ಟಲಿ ಅಂದ ಸೊಸೈಟಿ ಸೆಕ್ರೆಟರಿ. ಎಲ್ಲದಕ್ಕೂ ಮಾರಪ್ಪ ತಲೆಯಾಡಿಸಿದ. ಮಂತ್ರಿ ಗಡಿಯಾರ ನೋಡಿಕೊಂಡರು. ಜನ ಸೀಟಿ ಹೊಡೆಯತೊಡಗಿದರು.

ಓಂಕಾರಪ್ಪ ಹತ್ತಿರ ಬಂದು ಪಿಸುಗುಟ್ಟಿದ. ಬಣ್ಣ ಹಚ್ಚಿದ ಮುಖದಲ್ಲಿ ಬೆವರು ಗೀರು ಎಳೆದಿತ್ತು. “ಮಾರಪ್ಪ, ಮಾನ ಉಳ್ಸೋ.”

“ಯಾರ್ದು?”

ಓಂಕಾರಪ್ಪ ಷಣ್ಮುಖಪ್ಪನ ಕಡೆ ತಿರುಗಿದ. ಆಗ ಷಣ್ಮುಖಪ್ಪನಿಗೆ ಮತ್ತೊಂದು ಉಪಾಯ ಹೊಳೆಯಿತು. “ಲೈಟು ಆರ್ಸಾನ. ಕತ್ತಲಾಗೆ ಎಲ್ರೂ ಇರ್ತಾರೆ, ಎಲ್ರ ಎದುರಿಗೇ ಮುಟ್ಟಿದಂಗಾತು. ಯಾರೂ ನೋಡಲ್ಲ, ಮುಟ್ಟದಂಗೂ ಆತು. ಏನಂತೀಯ?”

ಹಿರಿಯರ ಮುಖ ಅರಳಿತು. ಇಷ್ಟು ಹೊತ್ತು ಇದು ತಮಗೆ ಹೊಳೆಯಲಿಲ್ಲವಲ್ಲ ಅಂತ ಪೇಚಾಡಿಕೊಂಡರು. ಮಾರಪ್ಪ ಓಂಕಾರಪ್ಪನ ಮುಖ ನೋಡಿದ. ಅಲ್ಲಿಯೂ ನೆಮ್ಮದಿ ಕಾಣಿಸಿತು. ಅದನ್ನು ನೋಡಿದ್ದೇ ಮಾರಪ್ಪನ ಒಳಗೆ ಉಳಿದಿದ್ದ ಅಷ್ಟಿಷ್ಟು ಆಸೆಯೂ ಕಳಚಿ ಬಿತ್ತು.

“ಆತು. ಆರ್ಸಿ,” ಅಂದ.

ಜನರೇಟರು ಕೈಕೊಟ್ಟಿದೆ, ಮಹಾಜನರು ಸ್ವಲ್ಪ ಸಹಿಸಬೇಕು ಅಂತ ಷಣ್ಮುಖಪ್ಪ ಮೈಕಿನಲ್ಲಿ ಹೇಳಿದ. ಜನರೇಟರು ಗುಡುಗುಡು ಅಂತ ಓಡುತ್ತಲೇ ಇತ್ತು. ಹಿರಿಯರು ಅಜ್ಜನನ್ನು ಎಬ್ಬಿಸಿ ಪಕ್ಕಕ್ಕೆ ಕರೆದೊಯ್ದರು, ಮಾರಪ್ಪ ಪೇಟಿಯ ಮುಂದೆ ಕೂತ. ಮೂಕಪ್ಪ ಸ್ವಿಚ್ಚು ಕೆಳಗೆಳೆದ. ಪೆಂಡಾಲು ಕಗ್ಗತ್ತಲಾಯಿತು.

ಮೈಕು ಬ್ಯಾಟರಿಯದು ಅನ್ನುವುದನ್ನು ಅಷ್ಟೂ ಜನ ಹಿರಿಯರು ಮರೆತಿದ್ದರು. ಷಣ್ಮುಖಪ್ಪ ಮಾತಾಡಿ ಮುಗಿಸಿ, ಆರಿಸದೆಯೇ ಪೇಟಿಯ ಮುಂದೆ ತಂದಿಟ್ಟ ಮೈಕು ಅಲ್ಲೇ ನಿಂತಿತ್ತು. ಕತ್ತಲಲ್ಲಿ ಮೊದಲು ಕತ್ತಿ ನೆಲಕ್ಕೆ ತಗುಲಿದ ಸದ್ದು ಬಂತು. ಆಮೇಲೆ ತೆಂಗಿನ ಮರಕ್ಕೆ ಕಟ್ಟಿದ ಎರಡು ಹಾರನ್ನುಗಳಿಂದ ಓಂಕಾರಪ್ಪನ ದನಿ ಊರ ತುಂಬ ಕೇಳಿಸಿತು.

“ಮಾರಪ್ಪ... ಎಲ್ಲೋ ನಿನ್ ಕಾಲು... ಹಾಂ. ಮುಟ್ಟಿದೀನಪ್ಪ. ಎಲ್ಡೂ ಹಿಡ್ಕಂಡಿದೀನಿ. ತಪ್ಪಾತು, ನೀನೇ ಗುರು, ನೀನಿಲ್ದೆ ಒಂದು ಹಾಡೂ ಇಲ್ಲ ನಂಗೆ. ಸಾಕೇನೋ? ಯಾರಿಗೂ ಹೇಳಬ್ಯಾಡ. ಈಗ ಹಾಡು ಎತ್ಸು.”

ಮೂಕಪ್ಪ ಯಾರ ಅಪ್ಪಣೆಗೂ ಕಾಯದೆ ಸ್ವಿಚ್ಚು ಮೇಲೆತ್ತಿದ.

ಟ್ಯೂಬ್‌ಲೈಟುಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ರಂಗಕೋಗಿಲೆ ಕಿರೀಟ ಸಮೇತ ಮಂಡಿಯೂರಿ, ತಲೆ ಬಗ್ಗಿಸಿ, ಕಾಲುಪೇಟಿಯ ಎರಡು ಹಲಗೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಪೇಟಿಯ ಮುಂದೆ ಯಾರೂ ಇರಲಿಲ್ಲ.

ಮೊದಲು ನಕ್ಕವರು ಹಗ್ಗದಾಚೆಯವರು. ಆಮೇಲೆ ಜಮಖಾನದವರು. ಕಡೆಗೆ ಸೋಫಾದವರೂ ಕರವಸ್ತ್ರ ಬಾಯಿಗಿಟ್ಟುಕೊಂಡರು. ಓಂಕಾರಪ್ಪ ಹಲಗೆ ಬಿಡುವುದನ್ನೂ ಮರೆತು ಕತ್ತೆತ್ತಿದ.

“ಓಂಕಾರಪ್ಪನೋರೇ,” ಮಾರಪ್ಪ ಹಗ್ಗದ ಹತ್ತಿರದಿಂದ ಕೂಗಿದ. ಅವನಿಗೆ ಮೈಕು ಬೇಕಾಗಲಿಲ್ಲ. “ನಾನಿಲ್ಲಿದೀನ್ರಿ. ಕಾಲೂ ಇಲ್ಲೇ ಅದಾವೆ. ಬೆಳಕು ಬೇಕಾದಷ್ಟೈತೆ. ಬರ್ರಿ.”

ನಗು ನಿಂತಿತು. ಪೇಟಿಯಿಂದ ಹಗ್ಗದವರೆಗೆ ಕೂತವರೆಲ್ಲ ತಾವಾಗಿಯೇ ಸರಿದು ದಾರಿ ಬಿಟ್ಟರು. ಓಂಕಾರಪ್ಪ ಎದ್ದ. ಒಂದು ಕಾಲು ಮುಂದಿಟ್ಟ. ಷಣ್ಮುಖಪ್ಪನನ್ನು ನೋಡಿದ, ಮಂತ್ರಿಯನ್ನು ನೋಡಿದ, ಗುರುವಿನ ಗಡ್ಡ ಅಂಟಿಸಿಕೊಂಡು ನಿಂತಿದ್ದ ಭಾವಮೈದುನನನ್ನು ನೋಡಿದ. ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

“ಗೊತ್ತಿತ್ತು,” ಅಂದಳು ಹೊನ್ನೂರಮ್ಮ ಎಲ್ಲರಿಗೂ ಕೇಳುವಂತೆ. ಗಂಡನ ಕೋಟಿನ ತೋಳು ಹಿಡಿದಳು. “ನಡಿ.”

ಹೊಸ ಚಪ್ಪಲಿ ಪೇಟಿಯ ಹತ್ತಿರವೇ ಉಳಿದಿತ್ತು. ಅದನ್ನು ತರಲು ಮಾರಪ್ಪ ಹೋಗಲಿಲ್ಲ. ಇಬ್ಬರೂ ನ್ಯಾಮತಿ ರಸ್ತೆ ಹಿಡಿದರು. ಯಾರೂ ತಡೆಯಲಿಲ್ಲ. ಹಗ್ಗದಾಚೆ ಕೂತಿದ್ದವರೂ ಒಬ್ಬೊಬ್ಬರಾಗಿ ಎದ್ದು ಮಣ್ಣು ಕೊಡವಿಕೊಂಡು ಮನೆಯ ಕಡೆ ಹೊರಟರು.

ಊರು ಹಿಂದೆ ಬಿದ್ದರೂ ಹಾರನ್ನಿನ ಸದ್ದು ಬೆನ್ನು ಬಿಡಲಿಲ್ಲ. ಯಾರದೋ ಬಲವಂತಕ್ಕೆ ಕೊಟ್ರಬಸಪ್ಪಜ್ಜ ಹಲಗೆ ತುಳಿದಿರಬೇಕು, ಪೇಟಿ ಒಮ್ಮೆ ಗೊರಗೊರ ಅಂದು ಕೆಮ್ಮಿ ಸುಮ್ಮನಾಯಿತು. ಆಮೇಲೆ ಓಂಕಾರಪ್ಪನ ದನಿ. ‘ಕಿರೀಟ’ ಅಂತ ಎತ್ತಿತು, ನಿಂತಿತು. ಮತ್ತೆ ‘ಕಿರೀಟ’ ಅಂದು ನಿಂತಿತು.

“ಮುಟ್ಟಲಿಲ್ವಲ್ಲ,” ಅಂದಳು ಹೊನ್ನೂರಮ್ಮ. “ಸುಮ್ನೆ ಎಣ್ಣೆ ದಂಡ.”

ಮಾರಪ್ಪ ನಕ್ಕ. ನಗು ಅರ್ಧಕ್ಕೆ ನಿಂತಿತು. ಹಾರನ್ನಿನಲ್ಲಿ ಆ ದನಿ ಮೂರನೇ ಸಲ ಉಸಿರೆಳೆದುಕೊಂಡು ಕಾಯುತ್ತಿತ್ತು. ರಸ್ತೆಯ ನಡುವೆ ಮಾರಪ್ಪನ ಎಡಗಾಲು ತಾನಾಗಿಯೇ ಮೇಲೆದ್ದಿತು. ಅಷ್ಟು ವರ್ಷದ ಅಭ್ಯಾಸ, ಕಾಲಿಗೇನು ಗೊತ್ತು ಮಾನ ಅವಮಾನ. ಅವನು ಅದನ್ನು ಹಾಗೇ ಮೇಲೆ ಹಿಡಿದು ನಿಂತ.

“ಏನಾತು?”

“ಏನಿಲ್ಲ.”

ಸದ್ದಾಗದಂತೆ ಕಾಲನ್ನು ಮೆಲ್ಲಗೆ ಧೂಳಿಗೆ ಇಳಿಸಿದ. ಆಮೇಲೆ ಬಲಗಾಲು ಎತ್ತಿಟ್ಟು ನಡೆದ. ಹಿಂದೆ ಓಂಕಾರಪ್ಪ ಇನ್ನೂ ಕಾಯುತ್ತಿದ್ದ.